ಹಿತ್ತಲಲ್ಲಿ ಸಿಕ್ಕ ಅರ್ಥ

ತನಗೂ ಕಿವಿಗಳಿವೆ ಎಂಬ ಸಂಗತಿ ದೇವರಾಜುವಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ಮೂಗಿನ ಮನುಷ್ಯ. ನಂಜನಗೂಡಿನ ಹಾಲು ಶೇಖರಣಾ ಕೇಂದ್ರವೊಂದರಲ್ಲಿ ಹಾಲಿನ ಜಿಡ್ಡು ಅಳೆಯುವುದು ಅವನ ಕೆಲಸ. ಕ್ಯಾನಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಹಸು ಏನು ಮೇದಿದೆ, ಹಸುವಿನ ಯಜಮಾನ ಬೆರೆಸಿದ ನೀರು ಬಿಳಿಗೆರೆಯ ಬೋರ್‌ವೆಲ್ಲಿನದೋ ಕಪಿಲಾ ಹೊಳೆಯದೋ ಹೇಳಿಬಿಡಬಲ್ಲೆ ಎಂದು ಅವನ ನಂಬಿಕೆ. ಯಂತ್ರ ಬೇರೇನಾದರೂ ಹೇಳಿದರೆ ಅವನು ಯಂತ್ರವನ್ನು ಒರೆಸುತ್ತಿದ್ದ.

ಕೇಂದ್ರದ ಮ್ಯಾನೇಜರಿಗೆ ಧಾರವಾಡಕ್ಕೆ ವರ್ಗವಾಯಿತು. ಅವರ ಬಳಿ ಒಂದು ಹೈ-ಫೈ ಸೆಟ್ಟಿತ್ತು. ತಟ್ಟೆ ತಿರುಗಿಸುವ ರೆಕಾರ್ಡ್ ಪ್ಲೇಯರು, ಇಟ್ಟಿಗೆಗಿಂತ ಭಾರದ ಆಂಪ್ಲಿಫೈಯರು, ಅಕ್ಕಿ ಡ್ರಮ್ಮಿನಷ್ಟು ಎತ್ತರದ ಎರಡು ಸ್ಪೀಕರು. ಲಾರಿಯಲ್ಲಿ ಜಾಗ ಸಾಲಲಿಲ್ಲವೋ, ಹೆಂಡತಿ ಬೇಡವೆಂದರೋ, ಹೊರಡುವ ದಿನ ಅವರು ಎಲ್ಲವನ್ನೂ ದೇವರಾಜುವಿನ ಕೈಗೆ ಒಪ್ಪಿಸಿ, "ನಿನಗೆ ಒಳ್ಳೇ ಕಿವಿ ಇದೆ ಕಣಯ್ಯ, ಚೆನ್ನಾಗಿ ನೋಡ್ಕೊ" ಎಂದರು.

ದೇವರಾಜುವಿನದು ಮೊದಲೇ ಉಪಕಾರ ಮರೆಯದ ಸ್ವಭಾವ. ಬಸ್ಸಿನಲ್ಲಿ ತನ್ನ ಕಾಲು ತುಳಿದವನು ಕಾಲೆತ್ತಿದರೆ ಅವನಿಗೂ ಥ್ಯಾಂಕ್ಸ್ ಹೇಳುವವನು. ಅಂಥವನಿಗೆ ಸೆಟ್ಟು ಕೊಟ್ಟದ್ದಕ್ಕಿಂತ ಕಿವಿ ಕೊಟ್ಟದ್ದೇ ದೊಡ್ಡ ಉಪಕಾರವಾಗಿ ಕಂಡಿತು. ಅಂದಿನಿಂದ ಅವನು ಸೆಟ್ಟಿನ ಮುಂದೆ ಕಣ್ಣು ಮುಚ್ಚಿ ಕೂತು, "ಕೆಳಗಿನ ಸ್ವರಕ್ಕೆ ಸ್ವಲ್ಪ ನೀರು ಬೆರೆತದೆ, ಮೇಲಿನ ಸ್ವರದಲ್ಲಿ ಕೆನೆ ಕಟ್ಟಿಲ್ಲ" ಎಂದೆಲ್ಲ ಮಾತಾಡತೊಡಗಿದ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ನಾಗರತ್ನ ಒಬ್ಬಳೇ. ಅವಳು ಸೊಪ್ಪು ಸೋಸುತ್ತ, "ಆಮೇಲೆ ಹೆಪ್ಪು ಹಾಕ್ತೀನಿ ಬುಡಿ" ಎನ್ನುತ್ತಿದ್ದಳು.

ಕಿವಿ ಇದ್ದವನಿಗೆ ಸೆಟ್ಟೊಂದೇ ಸಾಲದು, ಅದರ ಪರಿಕರಗಳೂ ಬೇಕು ಎಂದು ಯೂಟ್ಯೂಬಿನ ಒಬ್ಬ ಗಡ್ಡದವನು ಹೇಳಿಕೊಟ್ಟ. ಪರಿಕರಗಳು ಒಂದೊಂದಾಗಿ ಕೊರಿಯರಿನಲ್ಲಿ ಬಂದವು. ರೆಕಾರ್ಡಿನ ಧೂಳು ತೆಗೆಯಲು ರೇಷ್ಮೆಯಂಥ ಕೂದಲಿನ ಕರಿ ಬ್ರಷ್ಷು ಬಂತು. ಬೆರಳಿನ ಜಿಡ್ಡು ತಾಗದಿರಲೆಂದು ಬಿಳಿ ಕೈಗವಸು ಬಂತು. ತಟ್ಟೆ ಸಮನಾಗಿ ಕೂತಿದೆಯೇ ನೋಡಲು, ಗಾರೆಯವರ ರಸಮಟ್ಟದ ಮೊಮ್ಮಗನಂತಿದ್ದ ಒಂದು ಪುಟ್ಟ ರಸಮಟ್ಟ. ಸ್ಪೀಕರಿನ ಅಡಿಗೆ ಚೂಪು ಮೊಳೆಯ ಪಾದಗಳು, ಆ ಮೊಳೆಯ ಅಡಿಗೆ ಹಿತ್ತಾಳೆಯ ಬಿಲ್ಲೆಗಳು. ವೈರು ನೆಲಕ್ಕೆ ತಾಗಿದರೆ ಸಂಗೀತ ಬಸವಳಿಯುತ್ತದೆಂದು ಅದನ್ನು ಎತ್ತಿ ಹಿಡಿಯಲು ಪಿಂಗಾಣಿಯ ಗೂಟಗಳು. ಎಲ್ಲಕ್ಕೂ ಮಿಗಿಲಾಗಿ, ತುದಿಗೆ ಚಿನ್ನದ ಲೇಪವಿದ್ದ ಕೇಬಲ್ಲುಗಳು.

ಅವನಿಗೆ ಹೆಚ್ಚು ಅಚ್ಚುಮೆಚ್ಚಿನದು ಬ್ರಷ್ಷು. ಕೆಲಸಕ್ಕೆ ಹೊರಡುವ ಮುಂಚೆ ಗವಸು ತೊಟ್ಟು ರೆಕಾರ್ಡಿನ ಮೇಲೆ ಬ್ರಷ್ಷಾಡಿಸುವಾಗ ಅವನ ಮುಖದಲ್ಲಿ ಕರುವಿನ ಮೈ ನೆಕ್ಕುವ ಹಸುವಿನ ಶಾಂತಿ ಇರುತ್ತಿತ್ತು. ನಾಗರತ್ನಳಿಗೆ ಪಿಂಗಾಣಿಯ ಗೂಟಗಳು ಇಷ್ಟವಾದವು. ಅವನು ಡ್ಯೂಟಿಗೆ ಹೋದಾಗ ಅವಳು ಅವುಗಳ ಮೇಲೆ ದಾರ ಕಟ್ಟಿ ಸಂಡಿಗೆ ಒಣಗಿಸುತ್ತಿದ್ದಳು.

ಇಷ್ಟೆಲ್ಲ ಆದರೂ ಒಂದು ಕೊರಗು ಉಳಿಯಿತು. ಸೆಟ್ಟು ಹಾಕಿದೊಡನೆ ಹಾಡಿನ ಹಿಂದೆ ಒಂದು 'ಗುಂಯ್' ಎನ್ನುವ ಸದ್ದು. ಹಾಡು ಮೆತ್ತಗಾದಾಗಲೆಲ್ಲ ಅದು ಮುಂದೆ ಬಂದು ನಿಲ್ಲುತ್ತಿತ್ತು, ಮದುವೆ ಫೋಟೋದಲ್ಲಿ ಕರೆಯದೆ ಬಂದು ನಿಲ್ಲುವ ನೆಂಟನ ಹಾಗೆ. ಒಂದು ಪರಿಕರಕ್ಕೂ ಅದು ಜಗ್ಗಲಿಲ್ಲ.

ನಾಗರತ್ನ ಮೊದಮೊದಲು ಸಹಿಸಿಕೊಂಡಳು. ಕೊನೆಗೊಂದು ದಿನ ಬಾಗಿಲಲ್ಲಿ ನಿಂತು, "ನೋಡಿ, ನನ್ ತಲೆ ಒಳಗೆ ಜೀರುಂಡೆ ಸೇರ್ಕೊಂಡಂಗೆ ಆಯ್ತದೆ. ಬರೋ ಭಾನುವಾರದೊಳಗೆ ಆ ಗುಂಯ್ ಹೋಗ್ಬೇಕು. ಇಲ್ದಿದ್ರೆ ಸೆಟ್ಟು ಗುಜರಿಗೆ ಹೋಯ್ತದೆ" ಎಂದಳು. ಅವಳು ಗಲಾಟೆ ಮಾಡುವವಳಲ್ಲ. ಒಮ್ಮೆ ಹೇಳಿದರೆ ಹೇಳಿದಂತೆ ನಡೆಸುವವಳು.

ಕೇಂದ್ರದ ಎಲೆಕ್ಟ್ರೀಷಿಯನ್ ಶಿವುವನ್ನು ಅವನು ಕೈ ಹಿಡಿದು ಮನೆಗೆ ಕರೆತಂದ. ಶಿವು ಗೋಡೆಯ ಪ್ಲಗ್ಗಿಗೆ ಟೆಸ್ಟರು ಚುಚ್ಚಿ ನೋಡಿ, "ಸಾ, ತೂತು ಮೂರವೆ, ವೈರ್ ಇರೋದು ಎರಡಕ್ಕೇಯ. ಮೇಲಿನ್ದು ಬರೀ ಶೋಕಿಗೆ. ಈ ಮನೆಗೆ ಅರ್ಥೇ ಕೊಟ್ಟಿಲ್ಲ, ಕರೆಂಟು ಭೂಮಿಗೆ ಇಳಿಯಾಕೆ ದಾರೀನೇ ಇಲ್ಲ. ಅದ್ಕೇ ಈ ಗುಂಯ್" ಎಂದ. ಹಿತ್ತಲಲ್ಲಿ ಆಳುದ್ದ ಗುಂಡಿ ತೆಗೆಯಬೇಕು, ತಂಪು ಮಣ್ಣು ಸಿಗುವವರೆಗೆ. ಅದರಲ್ಲಿ ತಾಮ್ರದ ತಗಡು ಇಳಿಸಿ, ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಮನೆಗೆ ತಂತಿ ಎಳೆಯಬೇಕು. ಗುಂಡಿ ರೆಡಿ ಇದ್ದರೆ ಭಾನುವಾರ ಬಂದು ಕನೆಕ್ಷನ್ ಕೊಡುತ್ತೇನೆ ಎಂದು ಹೇಳಿ ಶಿವು ಹೋದ.

ಮರುದಿನವೇ ದೇವರಾಜು ರಜೆ ಹಾಕಿ, ತಾಮ್ರದ ತಗಡು ತಂದು ಹಿತ್ತಲಲ್ಲಿಟ್ಟು ಗುದ್ದಲಿ ಹಿಡಿದ. ಗುಂಡಿ ಮೊಣಕಾಲು ಮಟ್ಟಕ್ಕೆ ಬರುತ್ತಲೇ ಕರಿ ಜಲ್ಲಿಯಂಥ ಗಟ್ಟಿ ಪದರ ಸಿಕ್ಕಿತು. ಗುದ್ದಲಿ ಠಣ್ಣೆಂದು ಹಾರಿತು. ಸೊಂಟ ಹಿಡಿದುಕೊಂಡಿತು. ಅವನು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುವಷ್ಟರಲ್ಲಿ ಪಕ್ಕದ ಕಾಂಪೌಂಡಿನ ಮೇಲೆ ಒಂದು ತಲೆ ಮೂಡಿತು. ಅದು ಗುರುಮಲ್ಲಪ್ಪ ಮೇಷ್ಟ್ರ ತಲೆ. ಸೇವೆಯುದ್ದಕ್ಕೂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಅವರು, ಈಗ ವಿದ್ಯಾರ್ಥಿಗಳಿಲ್ಲದೆ ಬೀದಿಗೇ ಪಾಠ ಹೇಳುತ್ತಿದ್ದರು.

"ಏನಪ್ಪ ದೇವರಾಜು, ಬಾಳೆ ಕಂದು ನೆಡ್ತಾ ಇದೀಯಾ?"

"ಇಲ್ಲ ಮೇಷ್ಟ್ರೇ. ಅರ್ಥ್."

"ಅರ್ಥ?"

"ಹೂಂ. ಇಷ್ಟು ವರ್ಷ ಈ ಮನೇಲಿದ್ದು ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಅರ್ಥ್ ಇರೋದು ಭೂಮಿ ಒಳಗೆ. ಆಳಕ್ಕೆ ಹೋದಷ್ಟೂ ಒಳ್ಳೇ ಅರ್ಥ್ ಸಿಕ್ತದಂತೆ."

ಮೇಷ್ಟ್ರು ಕನ್ನಡಕ ಮೇಲೆ ಸರಿಸಿದರು. "ಇದೆ ಅಂತ ಯಾರು ಹೇಳಿದ್ದು?"

"ಶಿವು. ಒಂದು ಕಡ್ಡಿ ಇಟ್ಟು ನೋಡ್ದ, ಕಡ್ಡಿ ಉರೀತಿದ್ದಂಗೆ ಹೇಳ್ಬುಟ್ಟ."

"ಆ ತಾಮ್ರದ ತಗಡು?"

"ಅದ್ರ ಮೂಲಕಾನೇ ಅರ್ಥ್ ಮನೆ ಒಳಕ್ಕೆ ಬರೋದು. ಉಪ್ಪು, ಇದ್ದಿಲು ಹಾಕ್ದಿದ್ರೆ ನಿಲ್ಲಲ್ವಂತೆ." ದೇವರಾಜು ದನಿ ತಗ್ಗಿಸಿದ. "ಯಾರ್ಗೂ ಹೇಳ್ಬೇಡಿ ಮೇಷ್ಟ್ರೇ. ಓನರ್‌ಗೆ ತಿಳಿದ್ರೆ ತಕರಾರು."

ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸಿದ ಮೇಷ್ಟ್ರಿಗೆ ಅರ್ಥವೆಂದರೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಥವೆಂದರೆ ಧನ. ಭೂಮಿಯೊಳಗಿನ ಧನವೆಂದರೆ ನಿಧಿ. ಈ ವ್ಯಾಕರಣದಲ್ಲಿ ತಪ್ಪಿರಲಿಲ್ಲ ಎಂಬುದನ್ನು ನಾವು ಒಪ್ಪಲೇಬೇಕು. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪುವವರೂ ಅಲ್ಲ. ಅವರು ಯಾರಿಗೂ ಹೇಳಲಿಲ್ಲ, ತಮ್ಮ ಹೆಂಡತಿಗೆ ಮಾತ್ರ ಹೇಳಿದರು. ಅದೂ ಅರ್ಥ ಎಂಬ ಪದದ ನಾನಾರ್ಥಗಳನ್ನು ವಿವರಿಸುವ ಸಲುವಾಗಿ.

ಸುದ್ದಿ ಮಧ್ಯಾಹ್ನದ ಬಸ್ಸು ಹತ್ತಿತು. ನಂಜನಗೂಡು ಬಿಡುವಾಗ ತಾಮ್ರದ ತಗಡಾಗಿದ್ದದ್ದು ಟಿ. ನರಸೀಪುರದಲ್ಲಿ ಇಳಿಯುವಾಗ ತಾಮ್ರದ ಕೊಪ್ಪರಿಗೆಯಾಗಿತ್ತು. ಮುಡುಕುತೊರೆ ಕಡೆಗೆ ಬಸ್ಸು ಬದಲಾಯಿಸುವವರು ಅದರ ಮೇಲೊಂದು ಸರ್ಪವನ್ನು ಕೂರಿಸಿದರು. ತಲಕಾಡಿನವರು ಮಾತ್ರ, ಮರಳಿನಡಿ ಏನೇನು ಹೂತಿರುತ್ತದೆಂದು ಬಲ್ಲವರಾದ್ದರಿಂದ, "ಇದ್ರೂ ಇದ್ದಾತು" ಎಂದು ಎಲೆಯಡಿಕೆ ಹಾಕಿಕೊಂಡರು.

ಭಾನುವಾರ ಬೆಳಿಗ್ಗೆ ದೇವರಾಜುವಿನ ಮನೆ ಮುಂದೆ ನರಸೀಪುರದಿಂದ ಬಂದ ಇಬ್ಬರು ನಿಂತಿದ್ದರು. ಒಬ್ಬರು ಅವನ ಅತ್ತೆ ಸಣ್ಣತಾಯಮ್ಮ. ಸೆರಗಿನ ತುಂಬ ನಿಂಬೆಹಣ್ಣು. ಇನ್ನೊಬ್ಬರು ಮನೆ ಮಾಲೀಕ ರಾಮಯ್ಯ, ಜೊತೆಗೆ ಹಾರೆ ಪಿಕಾಸಿ ಹೊತ್ತ ಆಳುಗಳು. ರಾಮಯ್ಯನವರದು ನರಸೀಪುರದಲ್ಲಿ ಹಿಟ್ಟಿನ ಗಿರಣಿ. ಗಿರಣಿಯ ಮೇಲ್ಗಡೆಯೇ ವಾಸ. ಹಗಲೆಲ್ಲ ಆ ಸದ್ದಿನ ಮೇಲೆ ಮಾತಾಡಿ, ಎದುರಿಗಿರುವವರೆಲ್ಲ ಕಿವುಡರೆಂದು ಭಾವಿಸಿದವರಂತೆ ಕೂಗಿಯೇ ಮಾತಾಡುತ್ತಿದ್ದರು.

"ನೋಡಪ್ಪ, ನಾನು ಬಾಡಿಗೆಗೆ ಕೊಟ್ಟಿರೋದು ಮನೆಯ. ಮಣ್ಣನ್ನಲ್ಲ. ನೆಲದ ಕೆಳಗಿರೋದೆಲ್ಲ ನಂದು" ಎಂದರು ರಾಮಯ್ಯ. ಅದು ಇಡೀ ಬೀದಿಗೆ ಕೇಳಿಸಿತು.

ಗುಂಡಿಯ ವಿಷಯ ತಿಳಿದು ಮಾಲೀಕರು ಸಿಟ್ಟಾಗಿದ್ದಾರೆಂದು ದೇವರಾಜು ತಿಳಿದ. "ಕೇಳ್ದೆ ತೋಡಿದ್ದು ತಪ್ಪಾಯ್ತು ಸಾ. ಆದ್ರೆ ಅರ್ಥ್ ಬಂದ್ರೆ ಮನೆಗೇ ಅಲ್ವಾ ಒಳ್ಳೇದು. ನಾನೇನು ಹೊತ್ಕೊಂಡೋಗ್ತೀನಾ?"

"ಬಾಯ್ಬುಟ್ಟು ಒಪ್ಕೊಂಡ" ಎಂದರು ರಾಮಯ್ಯ, ಬೀದಿಯತ್ತ ತಿರುಗಿ.

ಸಣ್ಣತಾಯಮ್ಮ ಅಳಿಯನ ಸುತ್ತ ನಿಂಬೆಹಣ್ಣು ನಿವಾಳಿಸಿದರು. "ಅಲ್ಲ ಕಣಪ್ಪ, ಅದನ್ನ ಕಾಯೋ ಸರ್ಪಕ್ಕೆ ಏನಾದ್ರೂ ಹೇಳ್ಕೊಂಡ್ಯಾ? ಸುಮ್ನೆ ಕೈ ಹಾಕ್ಬುಟ್ಯಾ? ನನ್ ಮಗಳು ಚಿಕ್ಕೋಳು."

"ಸರ್ಪ ಯಾಕತ್ತೆ? ಉಪ್ಪು ಇದ್ದಿಲು ಸಾಕಂತೆ."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ನಾಗರತ್ನ ನಡುಮನೆಯಿಂದ ಗಂಡನನ್ನೊಮ್ಮೆ ತಾಯಿಯನ್ನೊಮ್ಮೆ ನೋಡಿ ಕಾಫಿಗೆ ನೀರಿಟ್ಟಳು. ಇಷ್ಟು ಜನ ಸೇರಿದ ಮೇಲೆ ವಿಷಯ ಏನೇ ಇರಲಿ, ಕಾಫಿಯಂತೂ ಬೇಕೇ ಬೇಕು ಎಂಬುದು ಅವಳ ಲೆಕ್ಕ.

ಅಷ್ಟರಲ್ಲಿ ಸ್ಕೂಟರೊಂದು ಬಂದು ನಿಂತಿತು. ಇಳಿದವಳು ಕಂದಾಯ ಇಲಾಖೆಯ ಗ್ರಾಮ ಆಡಳಿತಾಧಿಕಾರಿ ನಂದಿತಾ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಿಧಿ ಎಂದರೆ ಸರ್ಕಾರದ ಸ್ವತ್ತು, ಮಹಜರು ಆಗಬೇಕು, ಸಾಕ್ಷಿಗೆ ಪಂಚರು ಬೇಕು ಎಂದು ಕಾಯಿದೆಯನ್ನು ಹೊಸದಾಗಿ ಓದಿದವರ ಉತ್ಸಾಹದಲ್ಲಿ ಹೇಳಿದಳು. ಪಂಚರಿಗೆ ಕೊರತೆಯಿರಲಿಲ್ಲ. ಕಾಂಪೌಂಡಿನ ಮೇಲೆಯೇ ಸಾಲಾಗಿ ಕೂತಿದ್ದರು. ಮೊದಲನೆಯವರು ಗುರುಮಲ್ಲಪ್ಪ ಮೇಷ್ಟ್ರು.

ನಂದಿತಾ ಮನೆಯೊಳಗೆ ಬಂದವಳು ಟೇಬಲ್ಲಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟಿದ್ದ ಪರಿಕರಗಳನ್ನು ಕಂಡು ಅಲ್ಲೇ ನಿಂತಳು.

"ಬಿಳಿ ಗ್ಲೌಸ್ ಯಾಕೆ?"

"ಬರೀ ಕೈಯಲ್ಲಿ ಮುಟ್ಟಬಾರ್ದು ಮೇಡಂ. ಹಳೇ ಮಾಲು, ಹಾಳಾಯ್ತದೆ."

"ಈ ಬ್ರಷ್?"

"ಧೂಳು ತೆಗೆಯಾಕೆ. ಇದು ನನ್ ಪ್ರಾಣ ಮೇಡಂ. ಗೆರೆ ಗೆರೆ ಒಳಗಿನ ಮಣ್ಣೆಲ್ಲ ಎದ್ದು ಬತ್ತದೆ."

"ಗೆರೆ ಅಂದ್ರೆ? ಶಾಸನಾನಾ?"

ಶಾಸನ ಎಂಬ ಮಾತಿಗೆ ಕಾಂಪೌಂಡಿನ ಮೇಲಿದ್ದವರೆಲ್ಲ ಕಿಟಕಿಗೆ ಬಂದರು. ನಂದಿತಾ ರಸಮಟ್ಟವನ್ನೆತ್ತಿ ಬೆಳಕಿಗೆ ಹಿಡಿದಳು. ಸ್ಪೀಕರಿಗೆ ಹಾಕಿ ಮಿಕ್ಕಿದ್ದ ಹಿತ್ತಾಳೆ ಬಿಲ್ಲೆಗಳನ್ನು ತಿರುಗಿಸಿ ನೋಡಿ ನಾಣ್ಯಗಳೆಂದು ಬರೆದುಕೊಳ್ಳತೊಡಗಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನಿಜ ಹೇಳಿ. ಇಲ್ಲೀವರೆಗೆ ಚಿನ್ನ ಏನಾದ್ರೂ ಬಂದಿದೆಯಾ?"

ದೇವರಾಜುವಿಗೆ ಸಂತೋಷವಾಯಿತು. ಇಷ್ಟು ದಿನ ಅವನ ಕೇಬಲ್ಲುಗಳ ಬಗ್ಗೆ ಯಾರೂ ಹೀಗೆ ಆಸಕ್ತಿಯಿಂದ ಕೇಳಿರಲಿಲ್ಲ. "ಬಂದದೆ ಮೇಡಂ. ಕೊರಿಯರಲ್ಲಿ ಬಂತು. ತುದೀಲಿ ಮಾತ್ರ."

ರಾಮಯ್ಯ ಅಲ್ಲೇ ಕುರ್ಚಿಯ ಮೇಲೆ ಕುಸಿದರು. "ಕೊರಿಯರಲ್ಲಿ ಸಾಗಿಸವ್ನೆ" ಎಂದರು. ಈ ಸಲ ಅವರ ದನಿ ಪಿಸುಮಾತಿಗೆ ಹತ್ತಿರವಿತ್ತು, ಅಂದರೆ ಬೇರೆಯವರ ಮಾಮೂಲಿ ಮಾತಿನಷ್ಟು.

ನಂದಿತಾ ಹಿತ್ತಲಿಗೆ ನಡೆದಳು. ಮೊಣಕಾಲಾಳದ ಗುಂಡಿಯನ್ನು ಇಣುಕಿ ನೋಡಿ, ಸರ್ಕಾರದ ಸಮಕ್ಷಮದಲ್ಲಿ ಇದನ್ನು ಪೂರ್ತಿ ತೋಡಬೇಕು, ತೋಡಿ ಮುಗಿಯುವವರೆಗೆ ಯಾರೂ ಜಾಗ ಬಿಡಕೂಡದು ಎಂದಳು. ರಾಮಯ್ಯನವರ ಆಳುಗಳು ಇಳಿದರು. ಗಟ್ಟಿ ಪದರಕ್ಕೆ ಹಾರೆ ಬಿತ್ತು. ಅವರು ದಣಿದಾಗ ಪಂಚರಲ್ಲಿ ಗಟ್ಟಿಮುಟ್ಟಾದವರು ಪಂಚೆ ಮೇಲೆ ಕಟ್ಟಿ ತಾವೇ ಇಳಿದರು. ನಿಧಿಯ ಪಕ್ಕದಲ್ಲಿ ನಿಂತವರಿಗೆ ಬರುವ ಶಕ್ತಿಯೇ ಬೇರೆ. ಪದರ ಒಡೆಯಿತು. ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಹಳದಿ. ಪ್ರತಿ ಬುಟ್ಟಿ ಮಣ್ಣು ಮೇಲೆ ಬಂದಾಗಲೂ ಮೇಷ್ಟ್ರು ಕೈ ಹಾಕಿ ಕೆದಕಿ, "ಹತ್ತಿರ ಬಂದಿದೆ" ಎನ್ನುತ್ತಿದ್ದರು. ಸಣ್ಣತಾಯಮ್ಮ ಆಳುಗಳ ತಲೆಯ ಮೇಲೆ ನಿಂಬೆಹಣ್ಣು ಹಿಂಡಿದರು. ಕಣ್ಣಿಗೆ ರಸ ಬಿದ್ದವನೊಬ್ಬ, "ಅಮ್ಮಾ, ಸರ್ಪ ಕಚ್ಚಿದ್ರೂ ಇಷ್ಟು ಉರೀತಿರ್ಲಿಲ್ಲ ಕಣವ್ವ" ಎಂದ.

ದೇವರಾಜು ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದ. ಯಾಕೆ ಎಲ್ಲರೂ ಹೀಗೆ ಬಂದರು, ಯಾರು ಕರೆದರು, ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ತನ್ನ ಸೊಂಟದಿಂದ ಆಗದ ಕೆಲಸವನ್ನು ಊರೇ ಬಂದು ಮಾಡಿಕೊಡುತ್ತಿದೆ. ಎದ್ದು ಹೋಗಿ ಎಲ್ಲರಿಗೂ ತಾನೇ ಕಾಫಿ ಹಂಚಿದ.

ಗುಂಡಿ ಆಳುದ್ದಕ್ಕಿಂತ ಕೆಳಗಿಳಿದಾಗ ಒಳಗಿದ್ದವನು, "ಕಾಲು ತಣ್ಣಗಾಗ್ತಾ ಅದೆ. ಬರೀ ಕೆಸರು. ಇನ್ನೇನೂ ಇಲ್ಲ ಕಣ್ರೀ" ಎಂದ.

ಎಲ್ಲರ ಮುಖ ಇಳಿಯಿತು. ನಂದಿತಾ ಪೆನ್ನಿನ ಮುಚ್ಚಳ ಹಾಕಿದಳು. ರಾಮಯ್ಯ ಬೆವರೊರೆಸಿಕೊಂಡು, "ಮುಚ್ರೋ" ಎಂದರು.

"ಮುಚ್ಬೇಡಿ, ಮುಚ್ಬೇಡಿ" ಎಂದು ದೇವರಾಜು ಅಡ್ಡ ಬಂದ. "ತಂಪು ಮಣ್ಣು ಬಂತಲ್ಲ. ಅರ್ಥ್ ಸಿಕ್ತು."

ಅದೇ ಹೊತ್ತಿಗೆ ಶಿವು ತನ್ನ ಚೀಲದೊಂದಿಗೆ ಹಿತ್ತಲಿಗೆ ಬಂದ. ಗುಂಡಿ ನೋಡಿ ಅವನ ಕಣ್ಣರಳಿತು. "ಏನ್ಸಾ ಇದು, ಸಬ್‌ಸ್ಟೇಷನ್‌ಗೆ ತೋಡ್ದಂಗೆ ತೋಡ್ಸಿದ್ದೀರಿ. ಕರೆಂಟಿನ ಅರ್ಥಿಂಗಿಗೆ ಇಷ್ಟು ಬೇಕಿರ್ಲಿಲ್ಲ."

'ಕರೆಂಟಿನ ಅರ್ಥಿಂಗ್' ಎಂಬ ಮಾತು ಹಿತ್ತಲಲ್ಲಿ ನಿಧಾನವಾಗಿ ಒಬ್ಬರಿಂದ ಒಬ್ಬರಿಗೆ ಹೋಯಿತು. ಕೊನೆಗೆ ಎಲ್ಲರ ಕಣ್ಣುಗಳೂ ಗುರುಮಲ್ಲಪ್ಪ ಮೇಷ್ಟ್ರ ಮೇಲೆ ನಿಂತವು. ಮೇಷ್ಟ್ರು ಆಕಾಶ ನೋಡಿದರು. "ಇಂಗ್ಲಿಷ್ ಶಬ್ದಕ್ಕೆ ನಾನು ಹೊಣೆಯಲ್ಲ" ಎಂದರು.

ಯಾರೂ ಜಗಳವಾಡಲಿಲ್ಲ. ಜಗಳಕ್ಕೆ ಬೇಕಾದ ಶಕ್ತಿಯೆಲ್ಲ ಗುಂಡಿಯಲ್ಲಿ ಖರ್ಚಾಗಿತ್ತು. ಶಿವು ತಗಡು ಇಳಿಸಿದ, ಇದ್ದಿಲು ಉಪ್ಪು ತುಂಬಿಸಿದ, ತಂತಿಯನ್ನು ಮನೆಯ ಪ್ಲಗ್ಗುಗಳಿಗೆಲ್ಲ ಎಳೆದ. ದೇವರಾಜು ಅಷ್ಟೂ ಜನರನ್ನು ನಡುಮನೆಗೆ ಕರೆದು ಚಾಪೆ ಹಾಸಿ ಕೂರಿಸಿದ. ಮಣ್ಣು ಮೆತ್ತಿದ ಕಾಲುಗಳು ಸ್ಪೀಕರಿನ ಹಿತ್ತಾಳೆ ಬಿಲ್ಲೆಯವರೆಗೂ ಚಾಚಿದವು. ಬೇರೆ ದಿನವಾಗಿದ್ದರೆ ಅವನ ಜೀವ ಹೋಗುತ್ತಿತ್ತು. ಇಂದು ಅವನು ಅದನ್ನು ಕಾಣಲೇ ಇಲ್ಲ. ರೆಕಾರ್ಡು ಹಾಕದೆಯೇ ಸ್ವಿಚ್ಚು ಒತ್ತಿ, ಆಂಪ್ಲಿಫೈಯರಿನ ವಾಲ್ಯೂಮನ್ನು ಅರ್ಧಕ್ಕೆ ತಿರುಗಿಸಿದ.

"ಕೇಳಿ" ಎಂದ.

ಎಲ್ಲರೂ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ರಾಮಯ್ಯ, "ಏನೂ ಕೇಳ್ತಾ ಇಲ್ವಲ್ಲಪ್ಪ" ಎಂದರು.

"ಅದೇ ಸಾ. ಅದೇಯ."

ಅವನ ಕಣ್ಣಲ್ಲಿ ನೀರಾಡುತ್ತಿದ್ದದ್ದನ್ನು ಕಂಡು ಯಾರಿಗೂ ಮುಂದೆ ಕೇಳಬೇಕೆನಿಸಲಿಲ್ಲ. ಚಾಪೆಯ ಮೇಲೆ ಕೂತವರು ಏನೋ ಇರಬೇಕೆಂದು ಮತ್ತೆ ಕಿವಿಗೊಟ್ಟರು. ಮನೆಯೊಳಗೆ ಒಂದು ಸದ್ದೂ ಇಲ್ಲ. ದೂರದಲ್ಲಿ ಚಾಮರಾಜನಗರದ ರೈಲು ಕೂಗಿ ಹೋಯಿತು. ಅದು ಹೋದ ಮೇಲಿನ ಮೌನ ಮೊದಲಿನದಕ್ಕಿಂತ ದಟ್ಟವಾಗಿತ್ತು. ಸಣ್ಣತಾಯಮ್ಮ ಕಣ್ಣು ಮುಚ್ಚಿ ತಲೆದೂಗಿದರು. ಮೇಷ್ಟ್ರು, "ಬಹಳ ಸೊಗಸಾಗಿದೆ" ಎಂದರು. ನಂದಿತಾ ಫೋನನ್ನು ಸೈಲೆಂಟಿಗೆ ಹಾಕಿದಳು.

ಆಗ ಒಳಗಿನಿಂದ ನಾಗರತ್ನಳ ದನಿ ಬಂತು. "ರೀ, ಇಲ್ಲಿ ಬನ್ನಿ."

ಅವಳು ಫ್ರಿಜ್ಜಿನ ಮುಂದೆ ನಿಂತಿದ್ದಳು. ಕೈ ಅದರ ಬಾಗಿಲ ಹಿಡಿಕೆಯ ಮೇಲಿತ್ತು. ಈ ಮನೆಗೆ ಬಂದಾಗಿನಿಂದ ಅವಳು ಕೈಗೆ ಸೆರಗು ಸುತ್ತಿಕೊಳ್ಳದೆ ಆ ಬಾಗಿಲು ತೆಗೆದದ್ದಿಲ್ಲ. ಬರಿಗೈ ತಾಗಿದರೆ ಜುಮ್ಮೆನ್ನುತ್ತಿತ್ತು. ತಾಯಿ ಅದನ್ನು ದೃಷ್ಟಿ ಎಂದಿದ್ದರು, ಗಂಡ ಕೇಳಿಸಿಕೊಂಡಿರಲಿಲ್ಲ. ಇಂದು ಗಡಿಬಿಡಿಯಲ್ಲಿ ಮರೆತು ಬರಿಗೈಯಲ್ಲೇ ಹಾಲು ತೆಗೆದಿದ್ದಳು.

"ಜುಮ್ಮನ್ನಲಿಲ್ಲ ಕಣ್ರೀ" ಎಂದು ಅವಳು ಬಾಗಿಲು ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಶಿವು ಇಣುಕಿ ನೋಡಿ, "ಅಕ್ಕಾ, ಅರ್ಥ್ ಇಲ್ದೆ ಇದನ್ನ ಇಷ್ಟು ದಿನ ಮುಟ್ಟಿದ್ದೀರಾ? ಕೈ ಒದ್ದೆ ಇದ್ದಿದ್ರೆ ಜೀವಕ್ಕೇ ಬತ್ತಿತ್ತು" ಎಂದ. ರಾಮಯ್ಯನವರು ಚಾಪೆಯಿಂದ ಎದ್ದು ಬಂದರು. ಮನೆ ಕಟ್ಟಿಸುವಾಗ ಆ ಮೂರನೇ ತಂತಿಯನ್ನು ಬೇಡವೆಂದವರು ಅವರೇ. ಫ್ರಿಜ್ಜಿನತ್ತ, ನಾಗರತ್ನಳತ್ತ ನೋಡಿದರು. ಅವರ ಗಂಟಲಿನಿಂದ ದೊಡ್ಡ ದನಿ ಹೊರಡಲಿಲ್ಲ. "ತಾಯಿ, ನಂಗೆ ತಿಳೀಲಿಲ್ಲ" ಎಂದರು. ಆಮೇಲೆ ಆಳುಗಳ ಕಡೆ ತಿರುಗಿ, ಗುಂಡಿಯ ಸುತ್ತ ಅಚ್ಚುಕಟ್ಟಾಗಿ ಇಟ್ಟಿಗೆ ಕಟ್ಟಿ, ಮೇಲೆ ಮುಚ್ಚಳ ಹಾಕಿ ಕೊಡಬೇಕೆಂದು ಹೇಳಿದರು.

ದೇವರಾಜು ಎಲ್ಲರೆದುರು ಕೈಮುಗಿದು ನಿಂತ. ಅವನಿಗೆ ಭಾಷಣ ಬರುತ್ತಿರಲಿಲ್ಲ. "ಮೇಷ್ಟ್ರು ಯಾರ್ಗೂ ಹೇಳ್ದಿದ್ರೆ ಈ ಗುಂಡಿ ಆಗ್ತಿರ್ಲಿಲ್ಲ. ಓನರ್ ಸಿಟ್ಟಾಗ್ದಿದ್ರೆ ಆಗ್ತಿರ್ಲಿಲ್ಲ. ಮೇಡಂ ತೋಡಿ ಅನ್ನದಿದ್ರೂ ಆಗ್ತಿರ್ಲಿಲ್ಲ. ನಮ್ಮತ್ತೆ ನಿಂಬೆಹಣ್ಣು..." ಎಂದು ಅಲ್ಲಿಗೆ ತಡವರಿಸಿ, "ಅದೂ ಒಳ್ಳೇದೇ ಆಯ್ತು" ಎಂದು ಮುಗಿಸಿದ. ಬಯ್ಯಲೆಂದು ಬಂದವರು, ಹಿಡಿಯಲೆಂದು ಬಂದವರು, ಪಾಲು ಕೇಳಲೆಂದು ಬಂದವರು ಎಲ್ಲರೂ ತಾವು ಉಪಕಾರ ಮಾಡಲೆಂದೇ ಬಂದಿದ್ದೆವೇನೋ ಎಂಬಂತೆ ಸಂಕೋಚದಿಂದ ನಕ್ಕು ಮನೆಗೆ ಹೋದರು. ನಂದಿತಾ ಬಿಲ್ಲೆಗಳ ಹೆಸರಿನ ಮೇಲೆ ಗೀಟು ಹಾಕಿ ಸ್ಕೂಟರು ಹತ್ತಿದಳು. ಗುಜರಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮುಂದಿನ ವಾರ ರಾಮಯ್ಯನವರು ನರಸೀಪುರದಿಂದ ಒಬ್ಬರೇ ಬಂದರು. ಇಟ್ಟಿಗೆ ಕೆಲಸ ನೋಡಲು ಬಂದಿರಬೇಕೆಂದು ದೇವರಾಜು ಹಿತ್ತಲ ಕಡೆ ಹೊರಟ. ಅವರು ಹೋಗಲಿಲ್ಲ. ಚಪ್ಪಲಿ ಬಿಟ್ಟು ನಡುಮನೆಗೆ ಬಂದು, ಎರಡು ಸ್ಪೀಕರುಗಳ ಎದುರಿಗಿದ್ದ ಕುರ್ಚಿಯ ಮೇಲೆ ಕೈಕಟ್ಟಿ ಕೂತರು.

"ಹಾಕಪ್ಪ" ಎಂದರು.

ದೇವರಾಜು ಗವಸು ತೊಡುತ್ತ, "ಯಾವ ಹಾಡು ಹಾಕ್ಲಿ ಸಾ?" ಎಂದ.

"ಹಾಡು ಬೇಡ ಕಣಪ್ಪ. ಅವತ್ತು ಹಾಕಿದ್ಯಲ್ಲ, ಏನೂ ಇಲ್ದಿರೋದು, ಅದನ್ನೇ ಹಾಕು. ಗಿರಣಿ ಮೇಲೆ ಇದ್ದೂ ಇದ್ದೂ, ಅದು ನಮ್ಮನೇಲಿ ಸಿಗಲ್ಲ."

ದೇವರಾಜು ಸ್ವಿಚ್ಚು ಒತ್ತಿದ. ನಾಗರತ್ನ ಕಾಫಿ ತಂದು, ಲೋಟ ಟೇಬಲ್ಲಿಗೆ ತಾಗಿದ ಸದ್ದೂ ಆಗದಂತೆ ಇಟ್ಟು, ತಾನೂ ಒಂದು ಪಕ್ಕದಲ್ಲಿ ಕೂತಳು.